ರಾಡ್‌ಬರ್ನ್ ಗೆದ್ದದ್ದು 59 ಪಂದ್ಯವೋ, 60ವೋ?

1884ರಲ್ಲಿ ಅಮೆರಿಕದ ಬೇಸ್‌ಬಾಲ್ ಪಿಚರ್ (ಚೆಂಡು ಎಸೆಯುವ ಆಟಗಾರ) ಚಾರ್ಲ್ಸ್ ರಾಡ್‌ಬರ್ನ್ ಗೆದ್ದ ಪಂದ್ಯಗಳು ಒಂದು ಪುಸ್ತಕದಲ್ಲಿ 59, ಇನ್ನೊಂದರಲ್ಲಿ 60 ಎಂದಿವೆ, ಯಾವುದು ಸರಿ ಎಂದು ಕೇಳಿದ್ದೀರಿ. ಬೇಸ್‌ಬಾಲ್‌ನಲ್ಲಿ ತಂಡದ ಪ್ರತಿ ಗೆಲುವನ್ನೂ ಒಬ್ಬ ಪಿಚರ್‌ನ ಹೆಸರಿಗೆ ಬರೆಯುತ್ತಾರೆ. ಎರಡು ಲೆಕ್ಕಕ್ಕೂ ಕಾರಣ ಜುಲೈ 28ರ ಒಂದೇ ಪಂದ್ಯ. ಅಂದು ರಾಡ್‌ಬರ್ನ್‌ನ ತಂಡ ಪ್ರಾವಿಡೆನ್ಸ್ ಗ್ರೇಸ್ ಪರ ಸೈಕ್ಲೋನ್ ಮಿಲ್ಲರ್ ಮೊದಲ ಐದು ಇನ್ನಿಂಗ್ಸ್ ಎಸೆದು ಮುನ್ನಡೆಯಲ್ಲಿ ಹೊರಬಂದ. ಉಳಿದದ್ದನ್ನು ರಾಡ್‌ಬರ್ನ್ ಮುಗಿಸಿದ. ಅಂದಿನ ಸ್ಕೋರರ್ ಗೆಲುವನ್ನು ರಾಡ್‌ಬರ್ನ್ ಹೆಸರಿಗೆ ಬರೆದ. ಇಂದಿನ ನಿಯಮದಲ್ಲಿ ಅದು, ಐದು ಇನ್ನಿಂಗ್ಸ್ ಎಸೆದು ಮುನ್ನಡೆಯಲ್ಲಿ ಬಿಟ್ಟ ಮಿಲ್ಲರ್‌ನದು. ನನ್ನ ಮಟ್ಟಿಗೆ 59 ಸರಿ.

ಆದರೆ ಆ ಒಂದು ಗೆಲುವಿಗಿಂತ ದೊಡ್ಡದು ರಾಡ್‌ಬರ್ನ್‌ನ ದುಡಿಮೆ. ಜುಲೈನಲ್ಲಿ ಅಮಾನತಾಗಿದ್ದವನು ಅವನು. ತಂಡದ ಇನ್ನೊಬ್ಬ ಮುಖ್ಯ ಪಿಚರ್ ಚಾರ್ಲಿ ಸ್ವೀನಿ ಬಿಟ್ಟುಹೋದಾಗ ಮರಳಿ ಬಂದು, ಹೆಚ್ಚುಕಡಿಮೆ ಒಬ್ಬನೇ ಹೊರೆ ಹೊತ್ತ. 73 ಪಂದ್ಯ ಆರಂಭಿಸಿ 73ನ್ನೂ ಕೊನೆವರೆಗೆ ಎಸೆದ. 678 ಇನ್ನಿಂಗ್ಸ್ ದಾಟಿದ, 441 ಸ್ಟ್ರೈಕ್‌ಔಟ್ (ಎಸೆತದಿಂದಲೇ ಬ್ಯಾಟರನ್ನು ಔಟ್ ಮಾಡುವುದು). ಆಗ ಎಸೆತದ ದೂರ 50 ಅಡಿ ಮಾತ್ರ, ನಿಜ. ಆದರೂ ತಲೆ ಬಾಚಲೂ ಕೈ ಏಳುತ್ತಿರಲಿಲ್ಲವಂತೆ! ಆಮೇಲೆ ನ್ಯೂಯಾರ್ಕ್ ಮೆಟ್ರೊಪಾಲಿಟನ್ಸ್ ವಿರುದ್ಧದ ಮೂರು ಚಾಂಪಿಯನ್‌ಷಿಪ್ ಪಂದ್ಯಗಳನ್ನೂ ಅವನೇ ಎಸೆದು ಗೆದ್ದ. 1897ರಲ್ಲಿ, 42ನೇ ವಯಸ್ಸಿಗೇ ತೀರಿಕೊಂಡ. ಹಾಲ್ ಆಫ್ ಫೇಮ್ (ಬೇಸ್‌ಬಾಲ್ ದಿಗ್ಗಜರ ಗೌರವಪಟ್ಟಿ) ಗೌರವ ಬಂದದ್ದು 1939ರಲ್ಲಿ.