ಕುಂಬಳಕಾಯಿ ಹನ್ನೊಂದನೇ ಪುಟದಲ್ಲೇಕೆ?

ಪ್ರಿಯರೇ, ನಮಸ್ಕಾರ.

ಉತ್ತರ ಅಮೆರಿಕದ ಮೂಲನಿವಾಸಿಗಳಾದ ಇರೊಕ್ವಾ ಜನರ ನಡುಚಳಿಗಾಲದ ಆಚರಣೆ ಕುರಿತ ನಿಮ್ಮ ‘ಕನಸುಗಳ ಹಬ್ಬ’ ಲೇಖನವನ್ನು ಎರಡು ಸಲ ಓದಿದೆ. ಈ ವಿಷಯಕ್ಕೆ ಕನ್ನಡದಲ್ಲಿ ಕೈ ಹಾಕಿದ್ದೇ ಖುಷಿ. ಆದರೆ ಇದ್ದ ಹಾಗೆ ಅಚ್ಚು ಹಾಕಲಾರೆ.

ಹನ್ನೆರಡು ಪುಟಗಳಲ್ಲಿ ಮೊದಲ ನಾಲ್ಕನ್ನು ಕನಸಿಗೆ ಅರ್ಥ ಹುಡುಕಿದ ಮನೋವಿಜ್ಞಾನಿ ಫ್ರಾಯ್ಡ್ ತಿಂದುಹಾಕಿದ್ದಾನೆ. ನಾನು ನೆಟ್ಟಗೆ ಕೂತದ್ದು ಹನ್ನೊಂದನೇ ಪುಟದಲ್ಲಿ. 1656ರಲ್ಲಿ ಇರೊಕ್ವಾ ಜನರ ಒನೊಂಡಾಗ ಊರಿನಲ್ಲಿದ್ದ ಜೆಸುಯಿಟ್ ಪಂಥದ ಕ್ರೈಸ್ತ ಪಾದ್ರಿಗಳು ದಾಖಲಿಸಿದ ಮಾತು ಅದು: ಕನಸು ಕಂಡವನು ಕನಸನ್ನು ಬಿಡಿಸಿ ಹೇಳುವುದಿಲ್ಲ, ತನಗೆ ಬೇಕಾದುದು ಒಳಗೊಂದು ಕೆರೆ ಇಟ್ಟುಕೊಂಡಿದೆ ಎನ್ನುತ್ತಾನೆ, ಅಷ್ಟೇ. ಅದೇನೆಂದು ಉಳಿದವರು ಊಹಿಸಬೇಕು. ಉತ್ತರ ಕುಂಬಳಕಾಯಿ, ಇಲ್ಲವೇ ಸೋರೆಬುರುಡೆ. ಇದನ್ನು ಎರಡು ಸಾಲಿನಲ್ಲಿ ಮುಗಿಸಿ ಮತ್ತೆ ಫ್ರಾಯ್ಡ್ ಹತ್ತಿರ ಓಡಿದ್ದೀರಲ್ಲ! ಅಜ್ಜಿಯ ಬಾಯಲ್ಲಿ ಒಗಟು ಕೇಳಿ ಬೆಳೆದ ಓದುಗರು ನಮ್ಮವರು. ‘ಒಳಗೊಂದು ಕೆರೆ’ ಎಂದ ಕೂಡಲೇ ತಾವೂ ಊಹಿಸಲು ಕೂರುತ್ತಾರೆ. ಅಲ್ಲಿಂದ ಶುರು ಮಾಡಿ, ಉತ್ತರವನ್ನು ಸ್ವಲ್ಪ ಹೊತ್ತು ಸತಾಯಿಸಿ.

ಕನಸಿನ ಅರ್ಥವೇನು ಎಂದು ನೀವು ಪುಟಗಟ್ಟಲೆ ಕೇಳುತ್ತೀರಿ. ಆ ಜನ ಕೇಳುವುದು, ಕನಸು ಏನು ಬೇಡುತ್ತಿದೆ, ಕೊಡುವವರು ಯಾರು ಎಂದು. ಜೀವ ಬಯಸಿದ್ದು ಸಿಗದಿದ್ದರೆ ದೇಹ ಕಾಯಿಲೆ ಬೀಳುತ್ತದೆ ಎಂಬ ನಂಬಿಕೆ ಅವರದು. ಹಾಗಾಗಿ ಒಬ್ಬರ ಕನಸು ಊರೆಲ್ಲ ತೀರಿಸಬೇಕಾದ ಬಾಕಿ. ಒನೊಂಡಾಗದಲ್ಲಿ ಕುಲಗಳು ಎರಡು ಪಾಲಾಗಿ, ಈ ಪಾಲಿನವರ ಒಗಟನ್ನು ಎದುರು ಪಾಲಿನವರು ಬಿಡಿಸುತ್ತಾರೆ. ಬಿಡಿಸಿದವರು ಆ ವಸ್ತುವಿನ ಪುಟ್ಟ ಪ್ರತಿರೂಪ ಮಾಡಿಕೊಡಬೇಕು. ಅಂಗೈಯಲ್ಲಿ ಹಿಡಿಸುವ, ಲಕ್ರೋಸ್ ಎಂಬ ಚೆಂಡಾಟದ ಕೋಲು ಇರಬಹುದು, ಕನಸುಗಾರ ಅದನ್ನು ಜತನವಾಗಿ ಇಟ್ಟುಕೊಳ್ಳುತ್ತಾನೆ. ನಿಮ್ಮ ಲೇಖನದ ಜೀವ ಇಲ್ಲಿದೆ. ಇದಕ್ಕೆ ಮೂರು ಪುಟ ಕೊಡಿ.

ಇನ್ನು ತಪ್ಪುಗಳು. ಪಾದ್ರಿ ರಾಗ್ನೋ ಬರೆದ ‘ಆತ್ಮದ ಗುಟ್ಟಿನ ಬಯಕೆ’ಯ ಭಾಗ ಹ್ಯೂರನ್ ಎಂಬ ಬೇರೆ ಮೂಲನಿವಾಸಿ ಜನರದು, ಇರೊಕ್ವಾ ಒಕ್ಕೂಟದ್ದಲ್ಲ. ಭಾಷೆಯಲ್ಲಿ ನಂಟಸ್ತಿಕೆ ಇತ್ತು, ನಿಜ. ಆದರೆ 1649ರಲ್ಲಿ ಹ್ಯೂರನ್ ಊರುಗಳನ್ನು ಚದುರಿಸಿದ್ದೇ ಇರೊಕ್ವಾ ದಾಳಿ. ಇಬ್ಬರನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿದ್ದೀರಿ.

ದಿನಾಂಕವನ್ನು ಜನವರಿ 15ಕ್ಕೆ ಕಟ್ಟಿಹಾಕಿದ್ದೀರಿ, ಸಂಕ್ರಾಂತಿಗೆ ಹೋಲಿಸುವ ಆಸೆಗೆ ಅಂತ ಕಾಣುತ್ತದೆ. ಅದು ಚಂದ್ರನ ಲೆಕ್ಕ. ಡಿಸೆಂಬರಿನ ಅತಿ ದೀರ್ಘ ರಾತ್ರಿ ಕಳೆದು ಬರುವ ಅಮಾವಾಸ್ಯೆ, ಅದಾಗಿ ಸಾಮಾನ್ಯವಾಗಿ ಐದು ದಿನಕ್ಕೆ ಆಚರಣೆ ಶುರು. ಹಾಗಾಗಿ ದಿನಾಂಕ ವರ್ಷದಿಂದ ವರ್ಷಕ್ಕೆ ಸರಿಯುತ್ತದೆ. ಹೋಲಿಕೆ ತೆಗೆದುಬಿಡಿ.

ಹೊಸ ವರ್ಷ ಸಾರಲು ಮನೆಮನೆಗೆ ಬರುವ ‘ಮಾವಂದಿರ’ ಕೈಯಲ್ಲಿ ‘ಮರದ ಆಯುಧ’ ಇತ್ತು ಎಂದಿದ್ದೀರಿ. ಅಯ್ಯೋ, ಅದು ಒನಕೆ! ಮುಸುಕಿನ ಜೋಳ ಕುಟ್ಟುವ ಒನಕೆ. ಮೈಮೇಲೆ ತೊಗಲು, ಜೋಳದ ಸಿಪ್ಪೆ ಹೆಣೆದ ಜಡೆ. ಆಮೇಲೆ ಒಲೆಯ ಬೂದಿ ಕೆದಕುವ ಶಾಸ್ತ್ರ. ಇಂಗ್ಲಿಷಿನಲ್ಲಿ ಓದಿ ಬರೆಯುವಾಗ ಅಡುಗೆಮನೆಯ ವಸ್ತುವೂ ಆಯುಧವಾಗಿಬಿಡುತ್ತದೆ, ನನಗೂ ಆಗಿದೆ.

ಈ ಹಬ್ಬದಲ್ಲಿ ಹಿಂದೆ ಕೊಡುತ್ತಿದ್ದ ಬಿಳಿ ನಾಯಿಯ ಬಲಿಗೆ ಒಂದೂವರೆ ಪುಟ! ಅದು ನಿಂತು ತಲೆಮಾರುಗಳಾದವು, ಒಂದು ವಾಕ್ಯ ಸಾಕು. ಆದರೆ ಇರೊಕ್ವಾ ಒಕ್ಕೂಟದ ಸೆನೆಕಾ ಜನರ ಪ್ರವಾದಿ ಹ್ಯಾಂಡ್ಸಮ್ ಲೇಕ್ ಎಲ್ಲಿ? 1799ರಲ್ಲಿ, ಸತ್ತೇಹೋದ ಎಂದುಕೊಂಡಿದ್ದವನು ಎದ್ದು ಕೂತು ತಾನು ಕಂಡದ್ದನ್ನು ಹೇಳಿದ. ಅವನ ಉಪದೇಶವನ್ನು ಅವರು ಆಚರಣೆಗೆ ಸೇರುವ ಉದ್ದಮನೆಗಳಲ್ಲಿ ಇಂದಿಗೂ ಬಾಯಿಪಾಠವಾಗಿ ಹೇಳುತ್ತಾರೆ. ಕನಸಿನ ಲೇಖನದಲ್ಲಿ ಅವನೇ ಇಲ್ಲ.

ಎಲ್ಲ ಕ್ರಿಯಾಪದಗಳೂ ‘ಆಚರಿಸುತ್ತಿದ್ದರು’, ‘ನಂಬಿದ್ದರು’. ನ್ಯೂಯಾರ್ಕ್ ರಾಜ್ಯದ ಒನೊಂಡಾಗದಲ್ಲಿ, ಕೆನಡಾದ ಗ್ರ್ಯಾಂಡ್ ರಿವರ್ ದಂಡೆಯಲ್ಲಿ ಇದು ಈಗಲೂ ನಡೆಯುತ್ತದೆ. ಅವರು ತಮ್ಮನ್ನು ಕರೆದುಕೊಳ್ಳುವುದು ಹೊಡೆನೊಶೋನಿ ಎಂದು, ಅಂದರೆ ಉದ್ದಮನೆಯ ಜನ. ಆ ಹೆಸರನ್ನೇ ಮೊದಲು ತನ್ನಿ.

ಅವರ ಆಚರಣೆಯ ಮುಖವಾಡದ ಫೋಟೊ ಹಾಕುವುದಿಲ್ಲ. ಅವುಗಳನ್ನು ಪ್ರದರ್ಶಿಸಬಾರದು, ಚಿತ್ರ ಹಾಕಬಾರದು ಎಂದು ಅವರ ಮಹಾಸಭೆಯೇ 1995ರಲ್ಲಿ ಹೇಳಿದೆ. ಬದಲಿಗೆ ಒಂದು ಕುಂಬಳಕಾಯಿಯ ರೇಖಾಚಿತ್ರ ಬರೆಸುತ್ತೇನೆ.

ಆರು ಪುಟಕ್ಕೆ ಇಳಿಸಿ, ತಿಂಗಳೊಳಗೆ ಕಳಿಸಿ. ಫ್ರಾಯ್ಡ್‌ಗೆ ಬೇಕಾದರೆ ಕೊನೆಯಲ್ಲಿ ಒಂದು ಪ್ಯಾರಾ.

ನಿಮ್ಮ,
ಸಂಪಾದಕ