ಡ್ರೈಯರ್ ಕೇಳಿದರೆ ಗೆಸ್ಟ್ ಹೌಸ್‌ಗೆ ದುಡ್ಡು ಯಾಕೆ ಹೋಗುತ್ತದೆ?

ನಿಮ್ಮ ಕಂಪನಿಗೆ ಚಿಕ್ಕಮಗಳೂರು ಸುತ್ತ ಎಸ್ಟೇಟ್‌ಗಳಿವೆ, ಹೆಡ್ ಆಫೀಸ್ ಬೆಂಗಳೂರಲ್ಲಿ. ಎಸ್ಟೇಟಿನವರು ಎರಡು ವರ್ಷದಿಂದ ಕಾಫಿ ಡ್ರೈಯರ್ ಕೇಳುತ್ತಿದ್ದರೂ ದುಡ್ಡು ಗೆಸ್ಟ್ ಹೌಸ್ ರಿಪೇರಿಗೆ ಹೋಯಿತು. ಇದು ಆಫೀಸ್ ರಾಜಕೀಯವಾ ಅಂತ ಕೇಳಿದ್ದೀರಿ.

ಹೌದು. ಆದರೆ ಅದರ ಬಹುಪಾಲು ನಡೆಯುವುದು ಮೀಟಿಂಗಿಗೂ ಮೊದಲು. ಮೊದಲನೆಯದು ಫೈಲ್ ಮೇಲಕ್ಕೆ ಹತ್ತುವಾಗ. "ಡಿಸೆಂಬರ್ ಮಳೆಗೆ ಕಣದಲ್ಲಿದ್ದ ಪಾರ್ಚ್‌ಮೆಂಟ್ ಬೂಷ್ಟು ಹಿಡಿಯಿತು" ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಬರೆಯುತ್ತಾರೆ (ಪಾರ್ಚ್‌ಮೆಂಟ್ ಅಂದರೆ ಹಣ್ಣಿನ ಸಿಪ್ಪೆ ತೆಗೆದು ತೊಳೆದ, ಒಳಹೊಟ್ಟು ಇನ್ನೂ ಇರುವ ಕಾಫಿ ಬೀಜ). ತಪ್ಪು ತನ್ನ ತಲೆಗೆ ಬಂದೀತೆಂದು ಮ್ಯಾನೇಜರ್ ಅದನ್ನು "ಗುಣಮಟ್ಟದಲ್ಲಿ ಸ್ವಲ್ಪ ವ್ಯತ್ಯಾಸ" ಮಾಡುತ್ತಾರೆ. ಜನರಲ್ ಮ್ಯಾನೇಜರ್ ಟಿಪ್ಪಣಿಯಲ್ಲಿ ಅದು "ಹವಾಮಾನದ ಪರಿಣಾಮ". ಮಳೆಗೆ ಯಾರೂ ಬಜೆಟ್ ಕೊಡುವುದಿಲ್ಲ. 1986ರಲ್ಲಿ ಚಾಲೆಂಜರ್ ನೌಕೆ ಸಿಡಿದಾಗಲೂ ಇದೇ ಕಥೆ: ಚಳಿಗೆ ರಬ್ಬರ್ ಸೀಲ್ ಕೈಕೊಟ್ಟೀತು ಎಂದು ಇಂಜಿನಿಯರ್‌ಗಳು ಹಿಂದಿನ ರಾತ್ರಿ ಎತ್ತಿದ ಆಕ್ಷೇಪ ಉಡಾವಣೆಗೆ ಕೊನೆಯ ಒಪ್ಪಿಗೆ ಕೊಡುವವರವರೆಗೆ ಮುಟ್ಟಲೇ ಇಲ್ಲ.

ಎರಡನೆಯದು ಲೆಕ್ಕದ ರಾಜಕೀಯ, ನನ್ನ ಪ್ರಕಾರ ಇದೇ ಮುಖ್ಯ. ಡ್ರೈಯರಿನ ಸೌದೆ, ಕರೆಂಟ್, ಆಳಿನ ಖರ್ಚು ಎಸ್ಟೇಟಿನ ತಲೆಗೆ; ಒಳ್ಳೆ ಗ್ರೇಡಿಗೆ ಸಿಕ್ಕ ಹೆಚ್ಚಿನ ಬೆಲೆ ಮಾರಾಟ ವಿಭಾಗದ ಸಾಧನೆ. ಹೀಗಿದ್ದರೆ ಯಾವ ಮ್ಯಾನೇಜರ್ ಗಟ್ಟಿಯಾಗಿ ಕೇಳಿಯಾರು? ಮೇಲಿಂದ ಕ್ಯಾಲೆಂಡರ್ ತೊಡಕು ಬೇರೆ. ಅರೇಬಿಕಾ ಕಾಫಿಯ ಕೊಯ್ಲು ನವೆಂಬರ್‌ನಿಂದ ಜನವರಿ. ಬೀಜದ ಹೊಟ್ಟು ತೆಗೆದು ಗ್ರೇಡ್ ಮಾಡುವ ಕ್ಯೂರಿಂಗ್ ವರ್ಕ್ಸಿನಿಂದ ಔಟ್‌ಟರ್ನ್, ಅಂದರೆ ಯಾವ ಗ್ರೇಡ್ ಎಷ್ಟು ಸಿಕ್ಕಿತೆಂಬ ಲೆಕ್ಕ, ಬರುವಷ್ಟರಲ್ಲಿ ಏಪ್ರಿಲ್‌ನ ಬಜೆಟ್ ಹಂಚಿ ಮುಗಿದಿರುತ್ತದೆ. ಗೆಸ್ಟ್ ಹೌಸ್‌ಗೆ ಇಂಥ ಪುರಾವೆ ಬೇಕಿಲ್ಲ, ಡೈರೆಕ್ಟರ್‌ಗಳು ಅಲ್ಲೇ ಮಲಗುತ್ತಾರೆ.

ಹಾಗಾಗಿ ಔಟ್‌ಟರ್ನ್‌ಗೆ ಕಾಯಬೇಡಿ. ಕಣದ ರಿಜಿಸ್ಟರಿನಲ್ಲಿ ಪ್ರತಿ ಲಾಟ್ ಹರಡಿದ ದಿನ, ಮಳೆಗೆ ಮುಚ್ಚಿದ ದಿನ, ಮೀಟರ್ ತೋರಿಸಿದ ತೇವಾಂಶ ಬರೆಸಿ. ಒಳ್ಳೆ ಬಿಸಿಲಿದ್ದರೆ ಪಾರ್ಚ್‌ಮೆಂಟ್ 7ರಿಂದ 10 ದಿನದಲ್ಲಿ ಶೇ. 10ಕ್ಕೆ ಇಳಿಯಬೇಕು. ಅಷ್ಟು ದಿನ ಮೀರಿದ ಲಾಟ್‌ಗಳ ಚೀಲ ಎಣಿಸಿ, ಹಿಂದಿನ ಸೀಸನ್ನಿನಲ್ಲಿ ಅಂಥ ಲಾಟ್‌ಗೆ ಚೀಲಕ್ಕೆ ಎಷ್ಟು ಬೆಲೆ ಕಡಿಮೆ ಸಿಕ್ಕಿತ್ತೋ ಅದರಿಂದ ಗುಣಿಸಿ. ಜನವರಿ ಕೊನೆಯೊಳಗೆ ಒಂದೇ ಪುಟದಲ್ಲಿ ಫೈನಾನ್ಸ್‌ನವರಿಗೆ ತೋರಿಸಿ; ಅವರ ತಕರಾರು ಮೀಟಿಂಗಿನಲ್ಲಿ ಮೊದಲ ಸಲ ಕೇಳುವಂತಾಗಬಾರದು. ಹೆಚ್ಚಿದ ಬೆಲೆಯಲ್ಲಿ ಒಂದು ಪಾಲು ಎಸ್ಟೇಟ್ ಲೆಕ್ಕಕ್ಕೆ ಬರಲಿ ಎಂದು ಅದೇ ಪುಟದಲ್ಲಿ ಕೇಳಿ, ಆಗ ಮ್ಯಾನೇಜರೂ ನಿಮ್ಮ ಕಡೆಗೆ ಬರುತ್ತಾರೆ.

ಅಷ್ಟಾದರೂ ತಳ್ಳಿಹಾಕಿದರೆ, ಮಿನಿಟ್ಸ್‌ನಲ್ಲಿ "ಮುಂದೂಡಲಾಗಿದೆ" ಎಂದಷ್ಟೇ ಬರೆಯಲು ಬಿಡಬೇಡಿ. ಯಾವ ಮಾಹಿತಿ ಸಾಲದು, ಅದನ್ನು ಯಾರು, ಯಾವ ತಾರೀಖಿನೊಳಗೆ ತರಬೇಕು ಎಂದು ಬರೆಸಿ.