ಆ್ಯಪ್‌ಗೆ 4.6 ಸ್ಟಾರ್ ಇದೆ, ಆದರೂ ಜನ ಯಾಕೆ ತೆರೆಯುತ್ತಿಲ್ಲ?

ಪ್ರಶ್ನೆ: ಸರ್, ನಮ್ಮದು ಮಂಗಳೂರು ಹತ್ತಿರದ ಜಮಾಅತ್. ನಮಾಝ್ ಸಮಯ, ಮಸೀದಿಯ ಸೂಚನೆ, ಮರಣದ ಸುದ್ದಿ ಎಲ್ಲ ಸಿಗುವ ಆ್ಯಪ್ ಮಾಡಿಸಿದ್ದೇವೆ. 4.6 ಸ್ಟಾರ್ ಬಂದಿದೆ. ಆದರೆ ಆರು ತಿಂಗಳಲ್ಲಿ ತೆರೆಯುವವರು ಅರ್ಧಕ್ಕರ್ಧ ಕಡಿಮೆ ಆಗಿದ್ದಾರೆ. ಜನರಿಗೆ ನಿಜಕ್ಕೂ ತೃಪ್ತಿ ಇದೆಯಾ ಅಂತ ತಿಳಿಯುವುದು ಹೇಗೆ?

ಉತ್ತರ: ಸ್ಟಾರ್ ಪಕ್ಕಕ್ಕಿಡಿ. ಬೇಸರ ಆದವರು ಸ್ಟಾರ್ ಕೊಡುತ್ತಾ ಕೂರುವುದಿಲ್ಲ, ಆ್ಯಪ್ ತೆಗೆದು ಸುಮ್ಮನಾಗುತ್ತಾರೆ. ಇನ್ನೊಂದು, ರಮಝಾನ್‌ಗೆ ಶುರು ಮಾಡಿದ್ದರೆ ಈ ಇಳಿಕೆಗೆ ಅದೂ ಕಾರಣ ಇರಬಹುದು, ಆಗ ಇಫ್ತಾರ್ ಸಮಯಕ್ಕಾಗಿ ಎಲ್ಲರೂ ತೆರೆಯುತ್ತಾರೆ ಅಲ್ವಾ.

1988ರಲ್ಲಿ ಡಾಲ್ ಮತ್ತು ಟೊರ್ಕ್‌ಜಾದೆ ಎಂಬ ಸಂಶೋಧಕರು ಕಂಪ್ಯೂಟರ್ ಬಳಸುವವರ ತೃಪ್ತಿ ಅಳೆಯಲು 12 ಪ್ರಶ್ನೆಗಳ ಅಳತೆಗೋಲು ಮಾಡಿದರು. ಬೇಕಾದ ಮಾಹಿತಿ ಇದೆಯಾ, ಅದು ಸರಿ ಇದೆಯಾ, ಓದಲು ಚೆನ್ನಾಗಿದೆಯಾ, ಬಳಸಲು ಸುಲಭವಾ, ಹೊತ್ತಿಗೆ ಸಿಗುತ್ತದೆಯಾ, ಈ ಐದನ್ನು ಅದು ಬೇರೆ ಬೇರೆಯಾಗಿ ಕೇಳುತ್ತದೆ, ಒಂದೊಂದು ಪ್ರಶ್ನೆಗೂ 1ರಿಂದ 5 ಅಂಕ. ಎಲ್ಲ ಕೂಡಿಸಿ ಸರಾಸರಿ ತೆಗೆಯಬೇಡಿ, ತಪ್ಪು ಅದರೊಳಗೆ ಮುಚ್ಚಿಹೋಗುತ್ತದೆ.

'ಸರಿ ಇದೆಯಾ' ಅನ್ನುವುದನ್ನೇ ಮೊದಲು ನೋಡಿ. ಉದಾಹರಣೆಗೆ ಅಸರ್, ಅಂದರೆ ಮಧ್ಯಾಹ್ನ ಕಳೆದ ಮೇಲಿನ ನಮಾಝ್; ಅದರ ಸಮಯಕ್ಕೆ ಶಾಫಿ, ಹನಫಿ ಎಂಬ ಎರಡು ಪಂಥಗಳ ಲೆಕ್ಕ ಬೇರೆ ಬೇರೆ. ನಡುಹಗಲಲ್ಲಿ ಇದ್ದ ನೆರಳಿನ ಅಳತೆ ಬಿಟ್ಟು, ವಸ್ತುವಿನ ನೆರಳು ಅದರ ಎತ್ತರದಷ್ಟಾದಾಗ ಶಾಫಿ ಪ್ರಕಾರ ಅಸರ್, ಹನಫಿ ಪ್ರಕಾರ ಎರಡರಷ್ಟಾಗಬೇಕು. ಮಂಗಳೂರಲ್ಲಿ ಸುಮಾರು ಒಂದು ಗಂಟೆ ವ್ಯತ್ಯಾಸ. ಕರಾವಳಿಯ ಬ್ಯಾರಿ ಮುಸ್ಲಿಮರು ಹೆಚ್ಚಾಗಿ ಶಾಫಿ. ಆ್ಯಪ್‌ನಲ್ಲಿ ಹನಫಿ ಲೆಕ್ಕ ಕೂತಿದ್ದರೆ, ಮಸೀದಿಯಲ್ಲಿ ನಮಾಝ್ ಮುಗಿಸಿ ಜನ ಮನೆ ಸೇರಿದ ಮೇಲೆ ಮೊಬೈಲ್ ಅಝಾನ್ ಕೂಗುತ್ತದೆ. ಎರಡು ದಿನ ಹಾಗಾದರೆ ಸಾಕು, ಆಮೇಲೆ ಎಷ್ಟು ಚೆಂದ ಮಾಡಿದರೂ ಯಾರೂ ನಂಬುವುದಿಲ್ಲ.

ನಂಬಿಕೆಯ ಬಗ್ಗೆ ಆ 12ರಲ್ಲಿ ಪ್ರಶ್ನೆಯೇ ಇಲ್ಲ, ಅದನ್ನು ನೀವು ಸೇರಿಸಲೇಬೇಕು. 2020ರಲ್ಲಿ ಮುಸ್ಲಿಂ ಪ್ರೊ ಎಂಬ ನಮಾಝ್ ಸಮಯದ ಆ್ಯಪ್ ಬಳಸುವವರ ಲೊಕೇಶನ್ ಮಾಹಿತಿ ಡೇಟಾ ಕಂಪನಿಯೊಂದಕ್ಕೆ ಹೋಗುತ್ತಿದೆ ಎಂಬ ವರದಿ ಬಂದಾಗ ಜಗತ್ತಿನಾದ್ಯಂತ ಜನ ಗಾಬರಿಯಾಗಿದ್ದರು. ನಿಮ್ಮ ಆ್ಯಪ್ ಲೊಕೇಶನ್ ಕೇಳುತ್ತದೆಯಾ? ಹಾಗಾದರೆ ಯಾಕೆ ಅಂತ ಜನರಿಗೆ ಗೊತ್ತಿದೆಯಾ ಕೇಳಿ.

ಹೆಸರು ಬರೆಸಬೇಡಿ, ಕಮಿಟಿಯವರು ಓದುತ್ತಾರೆ ಅಂದರೆ ಎಲ್ಲರೂ 5 ಕೊಡುತ್ತಾರೆ. ಜುಮಾ ಮುಗಿಸಿ ಬರುವವರನ್ನು ಮಾತ್ರ ಕೇಳಿದರೆ ಹೆಂಗಸರ ಮಾತು ಬಿಟ್ಟೇಹೋಗುತ್ತದೆ. ಆ್ಯಪ್ ತೆಗೆದುಹಾಕಿದವರ ಮನೆಗೆ ನೀವೇ ಹೋಗಿ.

ಕೊನೆಗೆ ಹಿರಿಯರೊಬ್ಬರ ಕೈಗೆ ಫೋನ್ ಕೊಟ್ಟು, ನಾಳೆಯ ಸುಬಹಿ (ಮುಂಜಾವಿನ ನಮಾಝ್) ಸಮಯ ಹುಡುಕಿ ಅನ್ನಿ. ಏನೂ ಹೇಳಿಕೊಡದೆ ಪಕ್ಕದಲ್ಲಿ ಕೂರಿ. ಬೆರಳು ಎಲ್ಲಿ ತಡೆಯುತ್ತದೆ, ಕನ್ನಡಕ ಯಾವಾಗ ಸರಿಮಾಡಿಕೊಳ್ಳುತ್ತಾರೆ, ಎಷ್ಟು ಸಲ ಹಿಂದಕ್ಕೆ ಬರುತ್ತಾರೆ, ಬರೆದುಕೊಳ್ಳಿ. ಶುರುವಿಗೆ ಇಂಥ ಐದು ಜನ ಸಾಕು.